ಲೂಸಿಯ ಹೆಸರು

ಪೆನ್ಸಿಲ್ವೇನಿಯಾದ ಗಣಿಯೂರಿನ ಚರ್ಚಿನಲ್ಲಿ, ಭಾನುವಾರ, ಆಪತ್ತಿನಲ್ಲಿರುವವರಿಗಾಗಿ ಪ್ರಾರ್ಥಿಸಲು ಪಟ್ಟಿ ಓದುತ್ತಿದ್ದ ಪಾದ್ರಿ ತಡೆದು ನಿಂತರು. “ಈ ಲೂಸಿ ಯಾರು?”

ವಿಧವೆ ವೆರೋನಾ ಎದ್ದಳು. “ವಾರವಾರ ಬರೋ ಮೂಕಿ ಚಿತ್ರದ ಹುಡುಗಿ, ಸ್ವಾಮಿ. ನಿನ್ನೆ ಗಣಿ ಕುಸಿದು ಒಳಗೆ ಸಿಕ್ಕಿಕೊಂಡಳು. ಮುಂದಿನ ಕಂತು ಶನಿವಾರಕ್ಕೆ.”

“ವಾರಪೂರ್ತಿ ನಮಗೂ ಅನ್ನ ಇಳಿಯಲ್ಲ ಸ್ವಾಮಿ,” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಪಾದ್ರಿ ಆ ಹೆಸರು ಹೊಡೆದುಹಾಕಲು ಪೆನ್ಸಿಲ್ ತೆಗೆದರು. “ಅದು ಬರೀ ಕಥೆ ಕಣಮ್ಮ. ಅವಳನ್ನ ಹೇಗೂ ಹೊರಗೆ ತರ್ತಾರೆ.”

“ನನ್ನ ಗಂಡ ಮತೂಶ್ ನಮ್ಮ ಗಣಿಯೊಳಗೆ ಸಿಕ್ಕಿಕೊಂಡಿದ್ದಾಗಲೂ ಹೀಗೇ ಅಂದ್ರಿ. ಮೂರನೇ ದಿನಕ್ಕೆ ಎಲ್ಲರೂ ಸಲಿಕೆ ಕೆಳಗಿಟ್ರು.”

ಪಾದ್ರಿ ತಲೆಯೆತ್ತಿ ನೋಡಿದರು. ಅಂದು ಅಗೆಯುವುದನ್ನು ನಿಲ್ಲಿಸಿದ್ದ ಗಂಡಸರೆಲ್ಲ, ಟೋಪಿಯನ್ನು ಎದೆಗೊತ್ತಿಕೊಂಡು, ಲೂಸಿಗಾಗಿ ಆಗಲೇ ಮೊಣಕಾಲೂರಿದ್ದರು.