ಪಟ್ಟಿಯಲ್ಲಿದ್ದ ಹೆಸರು

"ಆಂಟಿ, ನಿಮ್ಮ ಮನೇಲಿ ಎರಡು ಓಟಿದೆಯಲ್ಲ, ಇನ್ನೊಬ್ಬರು ಬರಲ್ವಾ?" ಅಡಿಲೇಡ್ ನಗರದಿಂದ ಈ ಆದಿವಾಸಿ ಊರಿಗೆ ಮತಪೆಟ್ಟಿಗೆ ತಂದಿದ್ದ ಹುಡುಗಿ ಪಟ್ಟಿಯ ಮೇಲೆ ಸ್ಕೇಲಿಟ್ಟುಕೊಂಡು ಕೇಳಿದಳು. ಡಲ್ಸಿ ಬಾಯಿ ತೆರೆಯುವ ಮೊದಲೇ ಆ ಎರಡನೇ ಹೆಸರನ್ನು ಗಟ್ಟಿಯಾಗಿ ಓದಿಯೂಬಿಟ್ಟಳು.

ಶಾಲೆಯ ಹಜಾರದಲ್ಲಿ ಅಂದು ಸರ್ಕಾರಕ್ಕೆ ಸಲಹೆ ಕೊಡುವ ಆದಿವಾಸಿ ಮಂಡಳಿಯ ಚುನಾವಣೆ. ಅದುವರೆಗೂ "ನಾವೇನೋ ಹೇಳ್ತೀವಿ, ಕೇಳೋರು ಬೇಕಲ್ಲ" ಎಂದು ನಗುತ್ತ ನಿಂತಿದ್ದವರೆಲ್ಲ ಮುಖ ತಿರುಗಿಸಿದರು. ಸತ್ತವರ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಡಲ್ಸಿಯ ಗಂಡ ಹೋಗಿ ಎಂಟು ತಿಂಗಳಾಗಿತ್ತು. ಅವನ ಫೋಟೋ ಗೋಡೆಯಿಂದ ಇಳಿದಿತ್ತು. ಅದೇ ಹೆಸರಿನ ಅವನ ಸೋದರಳಿಯನನ್ನೂ ಊರು ಈಗ ಬೇರೆ ಹೆಸರಿಟ್ಟು ಕರೆಯುತ್ತಿತ್ತು.

"ಆ ಹುಡುಗಿಗೆ ಏನು ಗೊತ್ತು ಪಾಪ," ಹಿಂದೆ ನಿಂತಿದ್ದ ನಾದಿನಿ ಐರಿಸ್ ಸಿಡುಕಿದಳು. "ನೀನು ಕಿವಿ ಮುಚ್ಕೋ ಅತ್ತಿಗೆ."

ಹುಡುಗಿ ಪೆಚ್ಚಾದಳು. "ಏನಾದ್ರೂ ತಪ್ಪಾಯ್ತಾ ಆಂಟಿ?"

ಡಲ್ಸಿಯ ಕೈ ಕಿವಿಯ ತನಕ ಹೋಯಿತು. ಅಲ್ಲಿದ್ದ ಬಿಳಿಗೂದಲನ್ನು ಹಿಂದಕ್ಕೆ ಸರಿಸಿ, ಅವಳು ಮೇಜಿನ ಮೇಲೆ ಬಾಗಿದಳು.

"ನಂಗೆ ಕಿವಿ ಸ್ವಲ್ಪ ಮಂದ ಕಣಮ್ಮ," ಎಂದಳು ಮೆಲ್ಲಗೆ. "ಇನ್ನೊಂದ್ಸಲ ಓದು."