ಚುಕ್ಕಾಣಿಯಿಲ್ಲದ ಒಂಬತ್ತು ವರ್ಷ

ಕೆರೆಯಲ್ಲಿ ವೇಗಮಿತಿ ಮೀರಿ ಜೀವ ತೆಗೆದವರಿಗೆ ಜೈಲಿಲ್ಲ. ಚುಕ್ಕಾಣಿಯಿಲ್ಲದ ದೋಣಿಯಲ್ಲಿ ಒಂಬತ್ತು ವರ್ಷ ಕೆರೆ ಸುತ್ತುತ್ತಿರಬೇಕು. ಆ ದೋಣಿ ನಡಿಗೆಗಿಂತ ಜೋರಾಗಿ ಓಡುವುದಿಲ್ಲ, ದಡ ಮುಟ್ಟುವುದೂ ಇಲ್ಲ. ಯಲ್ಲೇಶನಿಗೆ ಇದು ನಾಲ್ಕನೆಯ ವರ್ಷ.

ಬೆಳಿಗ್ಗೆ ಊಟ ತಂದ ಕಾನ್‌ಸ್ಟೇಬಲ್ ಮೀರಾಸಾಬ್ ಬುತ್ತಿ ಕೈಗಿಟ್ಟು, "ನಿಮ್ಮಮ್ಮ ಹೋಗಿಬಿಟ್ರು ಕಣಪ್ಪಾ" ಎಂದರು.

"ಒಂದು ಗಳಿಗೆ ದಡಕ್ಕೆ ಬಿಡಿ ಸಾರ್. ಮುಖ ನೋಡಿ ಬರ್ತೀನಿ."

"ಈ ದೋಣಿ ನನ್ನ ಮಾತೂ ಕೇಳಲ್ಲವಲ್ಲೋ."

ಅವರು ಹೋದ ಮೇಲೆ ಯಲ್ಲೇಶ ಲೈಫ್ ಜಾಕೆಟ್ ಬಿಚ್ಚಿಟ್ಟು ದೋಣಿಯ ಅಂಚಿನಲ್ಲಿ ನಿಂತ. ಸುತ್ತ ಸಂತೆಗೆ ಹೊರಟ ನೂರಾರು ದೋಣಿಗಳಿದ್ದವು. ಯಾರೂ ಅವನತ್ತ ನೋಡಲಿಲ್ಲ.

ಶಾಂಭವಿ ನೋಡಿದಳು. ಯಲ್ಲೇಶನ ಮೋಟಾರು ದೋಣಿ ಎಬ್ಬಿಸಿದ ಅಲೆಗೆ ಮುಳುಗಿ ಸತ್ತ ಅಂಬಿಗ ಅವಳ ಗಂಡ. ಈಗ ಅವಳೇ ಜನರನ್ನು ದಾಟಿಸುತ್ತಾಳೆ. ದಿನವೂ ಇವನಿಗೆ ಎದುರಾಗುತ್ತಿದ್ದರೂ ಒಮ್ಮೆಯೂ ಮಾತಾಡಿರಲಿಲ್ಲ. ಇಂದು ದೋಣಿ ತಿರುಗಿಸಿ ಅವನ ಪಕ್ಕಕ್ಕೆ ತಂದಳು.

"ಜಾಕೆಟ್ ಹಾಕ್ಕೋ."

"ಬೇಡಕ್ಕಾ. ಸಾಕಾಗಿದೆ."

"ನನಗೂ ಸಾಕಾಗಿತ್ತು," ಎಂದಳು ಶಾಂಭವಿ. "ಇನ್ನೂ ಐದು ವರ್ಷ ಇದೆ ನಿನಗೆ. ಅಷ್ಟನ್ನೂ ಬದುಕಿ ಮುಗಿಸಬೇಕು ನೀನು. ಹಾಕ್ಕೋ!"

ಯಲ್ಲೇಶ ಅಳುತ್ತಲೇ ಜಾಕೆಟ್ ತೊಟ್ಟ. ಒಂದೊಂದೇ ಕೊಕ್ಕೆ ಸಿಕ್ಕಿಸತೊಡಗಿದ. ಸಂತೆಗೆ ಹೊತ್ತಾಯಿತೆಂದು ತನ್ನ ದೋಣಿಯಲ್ಲಿದ್ದ ಜನ ಗೊಣಗಿದರೂ ಕೊನೆಯ ಕೊಕ್ಕೆ ಬೀಳುವ ತನಕ ಶಾಂಭವಿ ಅವನ ಪಕ್ಕದಲ್ಲೇ ನಿಧಾನವಾಗಿ ಹುಟ್ಟು ಹಾಕುತ್ತಿದ್ದಳು.