ಹನ್ನೊಂದು ವಾರ ಒಂದನೇ ನಂಬರು

ಹುಳಿಯಾರು ಬಸ್‌ಸ್ಟ್ಯಾಂಡಿನೆದುರು ಗೌಸ್ ಪೀರ್‌ನ ಕ್ಯಾಸೆಟ್ ಅಂಗಡಿ. ಅದರ ಪರದೆಯ ಹಿಂದೆ ದುರ್ಗಯ್ಯ ಬೆಳಗಿನಿಂದ ಅಡಗಿ ಕೂತಿದ್ದ. ತನ್ನ ಹಾಡನ್ನು ಕೊಳ್ಳುವವರು ಯಾರೆಂದು ಕಣ್ಣಾರೆ ನೋಡಬೇಕಿತ್ತು.

ಹಾಡೆಂದರೆ ಮಾತಿಲ್ಲದ ಹಾಡು. ಹೆಸರು ‘ಗುಡುಗು ಡಿಸ್ಕೋ’. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ, ಕರೆಂಟಿನ ಕೀಬೋರ್ಡು ಇಟ್ಟುಕೊಂಡು ಅವನೊಬ್ಬನೇ ಮಾಡಿದ್ದು. ಕ್ಯಾಸೆಟ್ಟಿನ ಎರಡು ಕಡೆಯೂ ಅದೊಂದೇ. ಢಂ ಢಂ ಟಿಸ್ಸ್. ನಡುನಡುವೆ ಕುಯ್ಯೋ ಎಂದು ಒಂದು ಕೂಗು. ಎಂಬತ್ತಾರರ ಆ ಬೇಸಗೆಯಲ್ಲಿ ಅದನ್ನು ಬೇರೆಲ್ಲೂ ಯಾರೂ ಮೂಸಿ ನೋಡಲಿಲ್ಲ. ಕೀಬೋರ್ಡು ಮಾರಿ ಮಾವನ ಹಿಟ್ಟಿನ ಗಿರಣಿ ಸೇರಿಬಿಡೋಣವೆಂದು ಅವನು ತೀರ್ಮಾನಿಸಿದ ದಿನವೇ, ಹುಳಿಯಾರಿನಲ್ಲಿ ಅದು ಭರ್ಜರಿ ಮಾರಾಟವಾಗುತ್ತಿದೆಯೆಂದು ಗೌಸ್ ಪೀರ್‌ನ ಕಾಗದ ಬಂತು.

ವಾರವಾರವೂ ಹೆಚ್ಚು ಮಾರಾಟವಾದ ಹತ್ತು ಕ್ಯಾಸೆಟ್ಟಿನ ಹೆಸರನ್ನು ಗೌಸ್ ಪೀರ್ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಹನ್ನೊಂದು ವಾರದಿಂದ ಒಂದನೇ ನಂಬರನ್ನು ಅಳಿಸುವ ಕೆಲಸವೇ ಬಿದ್ದಿರಲಿಲ್ಲ.

"ಕಾಲೇಜು ಹುಡುಗರಾ?" ದುರ್ಗಯ್ಯ ಪಿಸುಗುಟ್ಟಿದ.

"ಸುಮ್ಕೆ ನೋಡ್ತಾ ಇರಿ ಸಾರ್."

ಬಂದವಳು ಕೆಂಕೆರೆಯ ಪುಟ್ಟಗಂಗಮ್ಮ. ಎಪ್ಪತ್ತರ ಮುದುಕಿ. ಬಾಯಲ್ಲಿ ಎಲೆಅಡಿಕೆ, ಕಿವಿಯಲ್ಲಿ ಹತ್ತಿ.

"ಆ ಡಂಗುಡಂಗು ಇನ್ನೊಂದು ಕೊಡಪ್ಪ ಪೀರು. ಹಳೇದು ಓಡೀ ಓಡೀ ಸವೆದೋಯ್ತು."

"ಹೊಸಾ ಭಾವಗೀತೆ ಬಂದೈತೆ, ಕೊಡ್ಲಾ ಅಜ್ಜಿ?" ಗೌಸ್ ಪೀರ್ ಕೂಗಿ ಕೇಳಿದ.

"ಬ್ಯಾಡ ಬುಡು. ಹೋದ ಸಲ ಹಾಕಿದ್ದೆ. ಅಲ್ಲಾಡದೆ ಕೂತ್ಕಂಡು ಕೇಳಿದ್ವು. ಇದು ಹಾಕಿದ ದಿನ ನೋಡ್ಬೇಕಿತ್ತು ನೀನು, ಅಟ್ಟದ ಮೇಲೆ ಎದ್ದೂ ಬಿದ್ದೂ ಕುಣಿದಾಡಿಬಿಟ್ವು!"

ಮೊಮ್ಮಕ್ಕಳು! ದುರ್ಗಯ್ಯನ ಕಣ್ಣು ತುಂಬಿಬಂತು. ಪರದೆ ಸರಿಸಿ ಹೊರಗೆ ಬಂದ.

"ಅಜ್ಜಿ, ಅದನ್ನು ಮಾಡಿದವನು ನಾನೇ."

"ಆಂ?"

"ನಾನೇ ಮಾಡಿದ್ದು!"

ಪುಟ್ಟಗಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ನೀನಾ? ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ನಮ್ಮೂರಲ್ಲಿ ಕೊಬ್ರಿ ಮಾಡೋರ ಮನೆ ತುಂಬ ನಿಂದೇ. ಬಾ, ಉಂಡ್ಕಂಡು ಹೋಗುವಂತೆ."

ಅವಳು ಹೇಳಿದ್ದು ಸುಳ್ಳಲ್ಲ. ಕೆಂಕೆರೆಯ ಮೊದಲನೇ ಮನೆಯಿಂದ ಢಂ ಢಂ. ಅದರಾಚೆಯ ಮನೆಯಿಂದ ಟಿಸ್ಸ್. ಬೀದಿಯ ಕೊನೆಯಲ್ಲಿ ಎಲ್ಲೋ ಕುಯ್ಯೋ. ದುರ್ಗಯ್ಯನ ನಡಿಗೆಯೇ ಬೇರೆಯಾಯಿತು. ಹಿಟ್ಟಿನ ಗಿರಣಿ ಮನಸ್ಸಿನಿಂದ ಅಳಿಸಿಹೋಯಿತು. ಬೆಂಗಳೂರಿಗೆ ಹೋದ ತಕ್ಷಣ ಎರಡನೇ ಕ್ಯಾಸೆಟ್ಟು ಮಾಡುವುದೇ ಸೈ.

ಪುಟ್ಟಗಂಗಮ್ಮನ ಜಗಲಿಯಲ್ಲಿ ಬಡಕಲು ಬೆಕ್ಕೊಂದು ಅವನನ್ನು ದುರುಗುಟ್ಟಿ ನೋಡಿತು. ಅವನು ಅದನ್ನು ಲೆಕ್ಕಕ್ಕೆ ಇಡಲಿಲ್ಲ. ತಲೆ ಬಾಚಿಕೊಂಡ. ಮಕ್ಕಳು ರುಜು ಕೇಳಿದರೆ ಬೇಕಾಗುತ್ತದೆಂದು ಪೆನ್ನನ್ನು ಕೈಯಲ್ಲೇ ಹಿಡಿದು ಏಣಿ ಹತ್ತಿದ.

ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ ರಾಶಿ. ಅದರ ನಡುವೆ ಟೇಪ್ ರೆಕಾರ್ಡರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

"ಅಜ್ಜೀ! ಕುಣಿಯೋರು ಎಲ್ಲಿ?"

ಏಣಿಯ ಬುಡದಲ್ಲಿ ಪುಟ್ಟಗಂಗಮ್ಮ ಕಿವಿಯ ಹತ್ತಿ ತೆಗೆದಳು.

"ಇಲಿಯೆಲ್ಲ ಊರೇ ಬಿಟ್ಟೋದ್ವು ಕಣಪ್ಪ, ಹೆಗ್ಗಣ ಮಾತ್ರ ಇದಕ್ಕೂ ಜಗ್ತಾ ಇಲ್ಲ, ಅವಕ್ಕೆ ಇದಕ್ಕಿಂತ ಕೆಟ್ಟದಾಗಿ ಇನ್ನೊಂದು ಮಾಡ್ಕೊಡು."